ಅರವಟ್ಟಿಗೆಯ ನೀರು: ದಾರಿಹೋಕರು ಕಂಡ ನಮ್ಮ ಆತಿಥ್ಯ

ಗೋರೆಗಾಂವ್ ಎಂಬ ಹೆಸರಿನ ಕೊನೆಯಲ್ಲಿ ಒಂದು ಹಳ್ಳಿ ಇನ್ನೂ ಉಳಿದುಕೊಂಡಿದೆ. 1957ರಲ್ಲಿ ಬೃಹನ್ಮುಂಬಯಿಯ ಗಡಿ ದಹಿಸರ್‌ವರೆಗೆ ವಿಸ್ತಾರಗೊಳ್ಳುವ ತನಕ ಈ ಊರು ನಗರದ ಎಲ್ಲೆಯ ಹೊರಗೇ ಇತ್ತು. ಇಂದು ಇಲ್ಲಿ ಗದ್ದೆಯಿಲ್ಲ, ಜಗಲಿಯಿಲ್ಲ, ಸಂಜೆ ಬಂದವನನ್ನು ‘ಯಾವ ಊರಾಯಿತು?’ ಎಂದು ಕೇಳುವ ಹಿರಿಯರೂ ಇಲ್ಲ. ಆದರೂ ಆ ಪ್ರಶ್ನೆ ಮಾತ್ರ ಹೋಗಿಲ್ಲ. ಬಹಳ ವರ್ಷಗಳ ಹಿಂದೆ ನಾನು ಈ ಉಪನಗರದಲ್ಲಿ ಬಾಡಿಗೆಯ ಕೋಣೆ ಹುಡುಕುತ್ತ ಅಲೆದಾಗ, ಬಾಗಿಲು ತೆರೆದವರೆಲ್ಲ ಮೊದಲು ಕೇಳಿದ್ದು ಅದನ್ನೇ. ಅದರ ಬೆನ್ನಿಗೇ ಇನ್ನೆರಡು ಪ್ರಶ್ನೆಗಳು: ನೀವು ಯಾವ ಜನ? ಅಡುಗೆಮನೆಯಲ್ಲಿ ಏನು ಬೇಯಿಸುತ್ತೀರಿ? ಉತ್ತರ ಒಪ್ಪಿಗೆಯಾಗದಿದ್ದಲ್ಲಿ ಕೋಣೆ ‘ನಿನ್ನೆಯಷ್ಟೇ ಹೋಯಿತು’ ಎನ್ನುತ್ತಿದ್ದರು.

ಕಳೆದ ತಿಂಗಳು ನಮ್ಮ ಓದುಗರ ಕೂಟದಲ್ಲಿ ಹಳ್ಳಿಯ ಛತ್ರ, ಅರವಟ್ಟಿಗೆ, ಅತಿಥಿಸತ್ಕಾರಗಳ ಮಾತು ಬಂದಿತ್ತು. ಹಿಂದಿನವರ ಔದಾರ್ಯವನ್ನು ಎಲ್ಲರೂ ಕೊಂಡಾಡುತ್ತಿರುವಾಗ ಕಿರಿಯ ಸದಸ್ಯೆಯೊಬ್ಬಳು, ‘ಆ ಛತ್ರದ ಬಾಗಿಲು ಎಲ್ಲರಿಗೂ ತೆರೆದಿತ್ತೇ?’ ಎಂದು ಕೇಳಿದಳು. ಕೂಡಲೇ ಯಾರಲ್ಲೂ ಉತ್ತರವಿರಲಿಲ್ಲ. ಆತಿಥ್ಯದ ಬಗ್ಗೆ ಆತಿಥೇಯರು ಬರೆದುಕೊಂಡದ್ದು ಹೇರಳವಾಗಿದೆ. ಶಾಸನಗಳಲ್ಲಿ ದಾನಿಗಳ ಹೆಸರು ಕಲ್ಲಿನಲ್ಲಿಯೇ ಉಳಿದಿದೆ. ಆದರೆ ಬಾಗಿಲ ಈಚೆ ನಿಂತು ಬಾಯಾರಿಕೆಯಿಂದ ಕೈಯೊಡ್ಡಿದವನು ಏನು ಕಂಡ? ಆ ಹುಡುಗಿಯ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಅತಿಥಿಗಳ ಬರಹವನ್ನೇ ಓದಬೇಕು.

ಮೊದಲು ದಾನಿಗಳ ಮಾತನ್ನು ಕೇಳೋಣ. ಗೋರೆಗಾಂವಿನಿಂದ ಲೋಕಲ್ ರೈಲು ಹಿಡಿದು ಉತ್ತರಕ್ಕೆ ಹೋದರೆ ನಾಲಾಸೋಪಾರಾ ಸಿಗುತ್ತದೆ. ಹಳೆಯ ಶೂರ್ಪಾರಕವೆಂಬ ಬಂದರು ಇದೇ. ಕ್ಷತ್ರಪ ದೊರೆ ನಹಪಾನನ ಅಳಿಯನಾದ ಉಷವದಾತನು ನಾಸಿಕದ ಗುಹೆಯಲ್ಲಿ ಕೆತ್ತಿಸಿದ ಶಾಸನ ಸುಮಾರು ಹತ್ತೊಂಬತ್ತು ಶತಮಾನಗಳಷ್ಟು ಹಳೆಯದು. ಭರುಕಚ್ಛ, ದಶಪುರ, ಗೋವರ್ಧನ ಮತ್ತು ಶೂರ್ಪಾರಕಗಳಲ್ಲಿ ತಾನು ಚತುಶ್ಶಾಲೆಯ ತಂಗುದಾಣಗಳನ್ನು ಕಟ್ಟಿಸಿದುದಾಗಿ, ಬಾವಿ ಕೆರೆಗಳನ್ನು ತೋಡಿಸಿದುದಾಗಿ ಅವನು ಹೇಳಿಕೊಂಡಿದ್ದಾನೆ. ದಮನ, ದಹಾನುಕಾ ಮೊದಲಾದ ನದಿಗಳಲ್ಲಿ ಉಚಿತ ದೋಣಿಗಳನ್ನಿರಿಸಿ, ದಡಗಳಲ್ಲಿ ನೀರಿನ ಶಾಲೆಗಳನ್ನು ನಡೆಸಿದನೆಂಬ ಮಾತೂ ಅಲ್ಲಿದೆ. ನಾವು ದಿನವೂ ರೈಲ್ವೆ ಫಲಕಗಳಲ್ಲಿ ಓದುವ ದಹಾನು ಆ ಕಾಲಕ್ಕೇ ದಾರಿಹೋಕನಿಗೆ ನೆರವಾದ ಸ್ಥಳವಾಗಿತ್ತು.

ಕನ್ನಡ ನಾಡಿನಲ್ಲಿ ಈ ನೀರಿನ ಶಾಲೆಗೆ ಅರವಟ್ಟಿಗೆ ಎಂದು ಹೆಸರು. ಶಾಸನಗಳ ಭಾಷೆಯಲ್ಲಿ ಅದು ಅಱವಂಟಿಗೆ. ‘ಅಱ’ ಎಂದರೆ ಧರ್ಮ. ಬೇಸಗೆಯಲ್ಲಿ ನೀರು, ನೀರುಮಜ್ಜಿಗೆ, ಪಾನಕ. ಅಲ್ಲಿ ದುಡ್ಡಿನ ಮಾತಿಲ್ಲ. ಕೆರೆ, ಬಾವಿ, ದೇಗುಲ, ಸತ್ರಗಳ ಸಾಲಿನಲ್ಲಿಯೇ ಅರವಟ್ಟಿಗೆಯೂ ಪುಣ್ಯದ ಪಟ್ಟಿಯಲ್ಲಿ ಸೇರುತ್ತದೆ.

ಈ ಬಗೆಯ ಶಾಸನಗಳಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯದು. ಅಲ್ಲಿಯ ಕೋಡಿಯ ಮಠವನ್ನು ಕುರಿತ 1162ರ ಶಾಸನ ಆ ಮಠದ ಚಟುವಟಿಕೆಗಳನ್ನು ಉದ್ದಕ್ಕೂ ವರ್ಣಿಸುತ್ತದೆ. ಅಲ್ಲಿ ವೇದಗಳ ಅಧ್ಯಯನವಿತ್ತು, ಪಾಣಿನಿ ಶಾಕಟಾಯನರ ವ್ಯಾಕರಣಗಳ ಪಾಠವಿತ್ತು. ಅದರ ಜೊತೆಗೆ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕಥೆ ಹೇಳುವವರು, ನಾನಾ ದೇಶಗಳಿಂದ ಬಂದ ಭಿಕ್ಷುಕರು ಇವರೆಲ್ಲರಿಗೂ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು. ಅದು ಕಾಳಾಮುಖ ಶೈವರ ಮಠ. ಆದರೂ ಉಣ್ಣುವವರ ಪಟ್ಟಿಯಲ್ಲಿ ಜೈನ ಕ್ಷಪಣಕರೂ ಇದ್ದಾರೆ. ಸರ್ವ ಜೀವಿಗಳಿಗೂ ಅಭಯದ ತಾಣವೆಂದು ಶಾಸನ ಅದನ್ನು ಕರೆಯುತ್ತದೆ. ಶಾಸನದ ಮಾತಿನಲ್ಲಿ ಹೊಗಳಿಕೆ ಎಷ್ಟು, ನಡೆದದ್ದೆಷ್ಟು ಎಂದು ತೂಗಿ ಹೇಳಲಾಗದು. ಆದರೆ ಒಂದು ಸಮಾಜ ತನ್ನ ಬಗ್ಗೆ ಏನನ್ನು ಹೊಗಳಿಕೊಳ್ಳಲು ಬಯಸುತ್ತದೆ ಎಂಬುದೂ ಚರಿತ್ರೆಯೇ. ಹನ್ನೆರಡನೆಯ ಶತಮಾನದ ಬಳ್ಳಿಗಾವಿ, ಯಾರನ್ನೂ ಹೊರಗೆ ನಿಲ್ಲಿಸಲಿಲ್ಲ ಎನ್ನಿಸಿಕೊಳ್ಳಲು ಬಯಸಿತ್ತು.

ಇನ್ನು ಅತಿಥಿಗಳ ಮಾತು. 1342ರ ಸುಮಾರಿಗೆ ಮೊರಾಕ್ಕೋದ ಇಬ್ನ್ ಬತೂತ ನಮ್ಮ ಕರಾವಳಿಗೆ ಬಂದನು. ಗೋವೆಯಿಂದ ಕೊಲ್ಲಮ್‌ವರೆಗಿನ ಹಾದಿ ಎರಡು ತಿಂಗಳ ಪ್ರಯಾಣವೆಂದೂ ಉದ್ದಕ್ಕೂ ಮರದ ನೆರಳಿದೆಯೆಂದೂ ಅವನು ಬರೆಯುತ್ತಾನೆ. ಹೊನ್ನಾವರ, ಬಾರಕೂರು, ಮಂಗಳೂರುಗಳು ಈ ಹಾದಿಯಲ್ಲೇ ಬರುತ್ತವೆ. ಅರ್ಧ ಅರ್ಧ ಮೈಲಿಗೆ ಒಂದು ಮರದ ಮನೆ. ಅದರಲ್ಲಿ ಯಾವ ಮತದ ಪ್ರಯಾಣಿಕನಾದರೂ ಕುಳಿತುಕೊಳ್ಳಬಹುದಾದ ಜಗಲಿ. ಪಕ್ಕದಲ್ಲಿ ಬಾವಿ, ಬಾವಿಯ ಬಳಿ ನೀರು ಕೊಡುವ ಒಬ್ಬ ಹಿಂದೂ. ಇದಕ್ಕಿಂತ ಸುರಕ್ಷಿತವಾದ ಹಾದಿಯನ್ನು ತಾನು ಕಂಡಿಲ್ಲವೆಂದು, ಲೋಕವನ್ನೆಲ್ಲ ಸುತ್ತಿದ ಆ ಮನುಷ್ಯ ಹೇಳುತ್ತಾನೆ.

ಅಲ್ಲಿಗೆ ನಿಲ್ಲಿಸಿದ್ದರೆ ಅದು ನಮಗೆ ಹೆಮ್ಮೆಯ ಪುಟವಾಗಿ ಉಳಿಯುತ್ತಿತ್ತು. ಆದರೆ ಬತೂತ ಮುಂದುವರಿಯುತ್ತಾನೆ. ಬಾವಿಯ ಬಳಿಯವನು ಹಿಂದೂಗಳಿಗೆ ಪಾತ್ರೆಯಲ್ಲಿ ನೀರು ಕೊಡುತ್ತಾನೆ. ಮುಸಲ್ಮಾನನಾದರೆ ಬೊಗಸೆಗೆ ಹೊಯ್ಯುತ್ತಾನೆ, ಸಾಕೆಂದು ಸನ್ನೆ ಮಾಡಿದಾಗ ನಿಲ್ಲಿಸುತ್ತಾನೆ. ಮುಸಲ್ಮಾನರನ್ನು ಮನೆಯೊಳಗೆ ಕರೆಯುವ ರೂಢಿಯಿಲ್ಲ. ಅವರು ಉಂಡ ಪಾತ್ರೆಯನ್ನು ಒಡೆಯುತ್ತಾರೆ ಇಲ್ಲವೇ ಅವರಿಗೇ ಕೊಟ್ಟುಬಿಡುತ್ತಾರೆ. ಮುಸಲ್ಮಾನರ ಮನೆಯಿಲ್ಲದ ಊರಿನಲ್ಲಿ ಹಿಂದೂಗಳೇ ಅಡುಗೆ ಮಾಡಿ ಬಾಳೆಲೆಯಲ್ಲಿ ಬಡಿಸುತ್ತಾರೆ. ಎಲೆಯಲ್ಲಿ ಉಳಿದದ್ದು ನಾಯಿ, ಹಕ್ಕಿಗಳ ಪಾಲು.

ಈ ಕೆಲವು ಸಾಲುಗಳಲ್ಲಿ ನಮ್ಮ ಆತಿಥ್ಯದ ಪೂರ್ತಿ ಸ್ವರೂಪವಿದೆ ಎಂದು ನನಗೆ ಅನ್ನಿಸುತ್ತದೆ. ಬಾಯಾರಿದವನಿಗೆ ನೀರು ಇಲ್ಲವೆನ್ನಲಿಲ್ಲ; ಹಸಿದವನನ್ನು ಹಾಗೇ ಕಳಿಸಲಿಲ್ಲ. ಗುರುತಿಲ್ಲದವನಿಗಾಗಿ ಒಲೆ ಹೊತ್ತಿಸಿದರು. ಆದರೆ ಆ ಬೊಗಸೆಗೂ ತಂಬಿಗೆಗೂ ನಡುವೆ ಒಂದು ಗೇಣು ಅಂತರವನ್ನು ಎಚ್ಚರದಿಂದ ಕಾಯ್ದುಕೊಂಡರು. ನೀರು ಆ ಅಂತರವನ್ನು ದಾಟುತ್ತಿತ್ತು, ಸ್ಪರ್ಶ ದಾಟುತ್ತಿರಲಿಲ್ಲ. ಬತೂತ ಇದನ್ನು ದೂರಿಕೊಳ್ಳುವುದಿಲ್ಲ; ಊರಿನ ಪದ್ಧತಿಯೆಂದು ಬರೆದಿಟ್ಟು ಮುಂದೆ ಹೋಗುತ್ತಾನೆ. ಶುದ್ಧಿಯ ಈ ಭಯ ಒಂದೇ ಮತದವರ ಸೊತ್ತೂ ಆಗಿರಲಿಲ್ಲ. ಹೊನ್ನಾವರದಲ್ಲಿ ಅವನನ್ನು ತನ್ನ ಆಶ್ರಮದಲ್ಲಿ ಸತ್ಕರಿಸಿದ ಸೂಫಿ ಸಾಧುವೊಬ್ಬ, ದಾಸದಾಸಿಯರ ಕೈ ಅಶುದ್ಧವೆಂದು ಬಗೆದು ತನ್ನ ಅಡುಗೆಯನ್ನು ತಾನೇ ಮಾಡಿಕೊಳ್ಳುತ್ತಿದ್ದನಂತೆ.

ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಮನೆಯ ಊಟವನ್ನು ಬತೂತ ಬಾಯಲ್ಲಿ ನೀರೂರುವಂತೆ ವರ್ಣಿಸುತ್ತಾನೆ. ತಾಮ್ರದ ಮಣೆ, ಅದರ ಮೇಲೆ ತಾಮ್ರದ ತಟ್ಟೆ. ರೇಷ್ಮೆಯುಟ್ಟ ಪರಿಚಾರಿಕೆ ದೊಡ್ಡ ಸೌಟಿನಿಂದ ಅನ್ನ ಬಡಿಸಿ ತುಪ್ಪ ಹಾಕುತ್ತಾಳೆ. ಬದಿಗೆ ಕಾಳುಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ತುತ್ತಿಗೊಂದು ಉಪ್ಪಿನಕಾಯಿ, ಮತ್ತೆ ಅನ್ನ, ಮತ್ತೊಂದು ಪದಾರ್ಥ, ಕೊನೆಗೆ ಮೊಸರು. ಮಾಂಸದ ಅಡುಗೆಯನ್ನು ಬದಿಗಿಟ್ಟು ನೋಡಿದರೆ, ಏಳು ಶತಮಾನಗಳ ತರುವಾಯವೂ ಉತ್ತರ ಕನ್ನಡದ ಮದುವೆಯ ಪಂಕ್ತಿ ಇದೇ ಕ್ರಮದಲ್ಲಿ ಸಾಗುತ್ತದೆ. ಆದರೆ ಅತಿಥಿಯ ಕಷ್ಟ ಅತಿಥಿಗೆ! ಹನ್ನೊಂದು ತಿಂಗಳು ಈ ಸುಲ್ತಾನನ ಬಳಿಯಿದ್ದು ಒಂದು ತುಂಡು ರೊಟ್ಟಿಯ ಮುಖ ಕಾಣಲಿಲ್ಲ, ಇಲ್ಲಿ ಅನ್ನವೊಂದೇ ಎಂದು ಗೋಧಿ ತಿಂದು ಬೆಳೆದ ಬತೂತ ನೆನೆಯುತ್ತಾನೆ. ಇದೇ ಊರಿನಲ್ಲಿ ಹುಡುಗಿಯರಿಗಾಗಿ ಹದಿಮೂರು, ಹುಡುಗರಿಗಾಗಿ ಇಪ್ಪತ್ತಮೂರು ಶಾಲೆಗಳನ್ನು ಕಂಡೆನೆಂದು ಬರೆದವನೂ ಅವನೇ.

ನೂರು ವರ್ಷಗಳ ಬಳಿಕ, 1443ರಲ್ಲಿ, ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ವಿಜಯನಗರಕ್ಕೆ ಹೋದನು. ಇಮ್ಮಡಿ ದೇವರಾಯ ಅವನಿಗೆ ಎತ್ತರದ ಮನೆಯೊಂದನ್ನು ಬಿಡಾರವಾಗಿ ಕೊಟ್ಟನು. ದಿನಂಪ್ರತಿ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಎರಡು ವರಾಹ ಹೊನ್ನು ಅವನ ಬಿಡಾರಕ್ಕೆ ಬರುತ್ತಿದ್ದವು. ಇದು ರಾಜಾತಿಥ್ಯ, ರಾಯಭಾರದ ಲೆಕ್ಕಾಚಾರ. ಬೇಯಿಸಿದ ಅನ್ನವನ್ನಲ್ಲ, ಸಾಮಾನನ್ನು ಕೊಡುವುದರಲ್ಲಿ ಒಂದು ಅನುಕೂಲವೂ ಇತ್ತು: ಯಾರ ಅಡುಗೆ ಯಾರು ಉಣ್ಣಬೇಕು ಎಂಬ ತೊಡಕೇ ಏಳುವುದಿಲ್ಲ.

ಮೂರನೆಯ ಅತಿಥಿ ರೋಮಿನ ಪಿಯೆತ್ರೋ ದೆಲ್ಲಾ ವಾಲ್ಲೆ. 1614ರಲ್ಲಿ ವೆನಿಸ್ ಬಿಟ್ಟು ಹೊರಟವನು; ದಾರಿಯಲ್ಲಿ ಮದುವೆಯಾದ ಹೆಂಡತಿ ಮಆನಿ ಪರ್ಶಿಯಾದಲ್ಲಿ ತೀರಿಕೊಂಡಾಗ ಆಕೆಯ ಶವವನ್ನು ಪೆಟ್ಟಿಗೆಯಲ್ಲಿರಿಸಿಕೊಂಡು ಇಂಡಿಯಾಕ್ಕೆ ಬಂದವನು. 1623ರ ಅಕ್ಟೋಬರಿನಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಗೋವೆಯಿಂದ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟನು. ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯ ಮೇಲೆ ಸಾಗಿ ಗೇರುಸೊಪ್ಪೆ. ಕಾಳುಮೆಣಸಿನ ರಾಣಿಯೆಂದು ಪೋರ್ಚುಗೀಸರು ಕರೆದಿದ್ದ ರಾಣಿಯ ರಾಜಧಾನಿ ಆಗಲೇ ಪಾಳುಬಿದ್ದಿತ್ತು. ಅಲ್ಲಿಂದ ಘಟ್ಟ.

ಘಟ್ಟದ ಹಾದಿಯಲ್ಲಿ ಹೊರೆಯಾಳುಗಳು ಸಾಮಾನು ಹೊಂದಿಸುತ್ತಿದ್ದಾಗ ಅವನು ದೇವಾಲಯದ ಮುಖಮಂಟಪದಲ್ಲಿ ಕುಳಿತು ಕಾಲ ಕಳೆದನು. ಅಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದರು. ನೆಲದ ಮೇಲೆ ನುಣ್ಣನೆಯ ಮರಳು ಹರಡಿ, ಒಬ್ಬನು ರಾಗವಾಗಿ ಮಗ್ಗಿಯ ಸಾಲು ಹೇಳುತ್ತ ಬೆರಳಿನಿಂದ ಬರೆಯುವುದು, ಉಳಿದವರು ಅದನ್ನೇ ಹಾಡುತ್ತ ಬರೆಯುವುದು. ನೆಲ ತುಂಬಿದಾಗ ಅಳಿಸಿ ಹೊಸ ಮರಳು ಚೆಲ್ಲುವುದು. ಮರೆತರೆ ತಿದ್ದುವವರು ಯಾರು ಎಂದು ಅವನು ಕೇಳಿದನು. ನಾಲ್ವರೂ ಒಂದೇ ಕಡೆ ಒಮ್ಮೆಗೇ ಮರೆಯುವುದು ಸಾಧ್ಯವೇ, ಒಬ್ಬರನ್ನೊಬ್ಬರು ತಿದ್ದಿಕೊಳ್ಳುತ್ತೇವೆ ಎಂದರು ಹುಡುಗರು. ಈ ಸರಳ ಕಲಿಕೆಯನ್ನು ಅವನು ಬಹಳವಾಗಿ ಮೆಚ್ಚಿಕೊಂಡು ನೇಪಲ್ಸಿನ ಗೆಳೆಯ ಮಾರಿಯೋ ಸ್ಕಿಪಾನೋನಿಗೆ ಬರೆದ ಪತ್ರದಲ್ಲಿ ವಿವರಿಸಿದನು. ಅತಿಥಿಗೆ ಸಿಗುವ ದೊಡ್ಡ ಉಡುಗೊರೆ ಕೆಲವೊಮ್ಮೆ ಊಟ ವಸತಿಗಳಲ್ಲ. ಊರಿನ ಮಕ್ಕಳು ಅವನ ಪ್ರಶ್ನೆಗೆ ನಿಂತು ಉತ್ತರ ಹೇಳುವುದು. ದೇಗುಲದ ಗರ್ಭಗುಡಿ ಅವನಿಗೆ ಮುಚ್ಚಿತ್ತು. ಮುಖಮಂಟಪ ಮಾತ್ರ ತೆರೆದಿತ್ತು, ನೂರಾರು ವರ್ಷ ನಮ್ಮ ಹಳ್ಳಿಗಳ ನಿಜವಾದ ಛತ್ರ ಅದೇ ಆಗಿತ್ತು.

ಅದೇ ವರ್ಷ ಡಿಸೆಂಬರಿನಲ್ಲಿ ಅವನು ಮಂಗಳೂರಿನ ಒಳನಾಡಿನ ಹಳ್ಳಿಯೊಂದರಲ್ಲಿ ಉಳ್ಳಾಲದ ರಾಣಿಯನ್ನು ಕಂಡನು. ಆಕೆ ಬರಿಗಾಲಿನಲ್ಲಿ, ಸೊಂಟಕ್ಕೊಂದು ಬಟ್ಟೆ, ತಲೆಯ ಮೇಲೊಂದು ಬಟ್ಟೆ ಹೊದ್ದು, ಗದ್ದೆಗೆ ನೀರು ಹರಿಸುವ ಕಾಲುವೆ ತೋಡಿಸುವ ಕೆಲಸವನ್ನು ನೋಡಿ ಬರುತ್ತಿದ್ದಳು. ವೇಷ ನೋಡಿ ಅಡುಗೆಯವಳೆಂದುಕೊಳ್ಳಬಹುದಿತ್ತು, ಮಾತು ಕೇಳಿದರೆ ರಾಣಿಯೆಂದು ತಿಳಿಯುತ್ತಿತ್ತು ಎಂಬುದು ಅವನ ಅಭಿಪ್ರಾಯ. ಇಂಥ ಕಾಡಿಗೆ ಏಕೆ ಬಂದೆ ಎಂದು ಆಕೆ ವಿಚಾರಿಸಿದಳು. ಬಳಿಕ ಯುವರಾಜನ ಮನೆಯಲ್ಲಿ ಊಟ. ಎಲೆಯಲ್ಲಿ ಅನ್ನ ಬಡಿಸಿದರು. ಕೈಯಿಂದ ಉಣ್ಣಲಾರದ ದೆಲ್ಲಾ ವಾಲ್ಲೆ ತನ್ನ ಜೇಬಿನಿಂದ ಚಮಚ, ಫೋರ್ಕುಗಳನ್ನು ತೆಗೆದಾಗ ಸುತ್ತಲಿದ್ದವರು ಬೆರಗುಗೊಂಡು ಅವನನ್ನು ದೇವರೆಂದೇ ಉದ್ಗರಿಸಿದರಂತೆ. ಹೀಗೆ ಇಟಾಲಿಯನ್ ಪತ್ರವೊಂದರೊಳಗೆ ನಮ್ಮದೊಂದು ಮಾತು ಕುಳಿತುಬಿಟ್ಟಿತು. ಬತೂತನ ಕಥೆಯಲ್ಲಿ ಆತಿಥೇಯ ಅತಿಥಿಯ ಕೈಗೆ ಹೆದರಿದ್ದನು. ಇಲ್ಲಿ ಅತಿಥಿಯೇ ತನ್ನ ಕೈ ಅನ್ನಕ್ಕೆ ಸೋಕುವುದಕ್ಕೆ ಹಿಂಜರಿದನು.

ಇವರೆಲ್ಲ ದೂರದ ಅತಿಥಿಗಳು. ನಾಲ್ಕು ದಿನವಿದ್ದು ಹೋಗುವವರಿಗೆ ಆ ಅಂತರ ಒಂದು ವಿಚಿತ್ರ ಪದ್ಧತಿಯಷ್ಟೆ. ಪತ್ರದಲ್ಲಿ ಬರೆಯಲೊಂದು ವಿಷಯ. ಆದರೆ ಊರಿನವನೇ ಆಗಿದ್ದು ಅತಿಥಿಯಾಗಲಾರದವನ ಕಥೆ? ಅದನ್ನು ಬರೆದಿಟ್ಟವರು ಡಾ. ಬಿ. ಆರ್. ಅಂಬೇಡ್ಕರ್. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಅವರ ಪುಟ್ಟ ಆತ್ಮವೃತ್ತಾಂತ ಮೊದಲಿನಿಂದ ಕೊನೆಯವರೆಗೂ ಆತಿಥ್ಯದ ನಿರಾಕರಣೆಯ ಚರಿತ್ರೆ. 1901ರಲ್ಲಿ, ಸುಮಾರು ಒಂಬತ್ತು ವರ್ಷದ ಭೀಮರಾವ್ ಅಣ್ಣನೊಂದಿಗೆ, ಅಕ್ಕನ ಮಗನೊಂದಿಗೆ ತಂದೆಯನ್ನು ನೋಡಲು ಹೊರಟು ಸಾತಾರಾ ಜಿಲ್ಲೆಯ ಮಸೂರ್ ನಿಲ್ದಾಣದಲ್ಲಿ ಇಳಿದರು. ಮಹಾರರೆಂದು ತಿಳಿದ ಮೇಲೆ ಗಾಡಿಯವರು ಯಾರೂ ಒಪ್ಪಲಿಲ್ಲ. ಕಡೆಗೆ ಒಬ್ಬನು ಎರಡರಷ್ಟು ಬಾಡಿಗೆಗೆ ಒಪ್ಪಿದನು. ಆದರೆ ಮಕ್ಕಳೇ ಗಾಡಿ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. ರಾತ್ರಿ ಸುಂಕದ ಕಟ್ಟೆಯ ಬಳಿ ತಂಗಿದಾಗ ಮುಸಲ್ಮಾನರೆಂದು ಹೇಳಿಕೊಂಡು ನೀರು ಕೇಳಿದರೂ ನೀರು ಸಿಗಲಿಲ್ಲ. ಬುಟ್ಟಿಯ ತುಂಬ ಬುತ್ತಿಯಿತ್ತು. ಕುಡಿಯಲು ನೀರಿಲ್ಲದೆ ಮಕ್ಕಳು ಉಣ್ಣದೆ ಮಲಗಿದರು.

1917ರಲ್ಲಿ ಅವರು ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದರು. ಹಿಂದೂ ಹೋಟೆಲುಗಳು ತಮ್ಮನ್ನು ಸೇರಿಸವು ಎಂದು ಅವರಿಗೆ ಗೊತ್ತಿತ್ತು. ಪಾರ್ಸಿಗಳಿಗಷ್ಟೇ ಮೀಸಲಾದ ತಂಗುಮನೆಯೊಂದರಲ್ಲಿ, ಮೇಲ್ವಿಚಾರಕನ ಒಪ್ಪಿಗೆಯಿಂದ ಪಾರ್ಸಿ ಹೆಸರೊಂದನ್ನು ಬರೆಸಿ ಉಳಿದುಕೊಂಡರು. ದಿನಕ್ಕೆ ಒಂದೂವರೆ ರೂಪಾಯಿ. ಬೇರೆ ಅತಿಥಿಗಳಿಲ್ಲದ, ಮುರುಕು ಸಾಮಾನು ತುಂಬಿದ ಕತ್ತಲೆಯ ಕಟ್ಟಡ. ಹನ್ನೊಂದನೆಯ ದಿನ ಕೋಲು ಹಿಡಿದ ಹನ್ನೆರಡು ಮಂದಿ ಪಾರ್ಸಿಗಳು ಬಂದು, ಸಂಜೆಯೊಳಗೆ ಜಾಗ ಬಿಡಬೇಕೆಂದರು. ಅವರು ಇಬ್ಬರು ಗೆಳೆಯರನ್ನು ಕೇಳಿ ನೋಡಿದರು. ಒಬ್ಬ ಹಿಂದೂ ಗೆಳೆಯ, ನೀನು ಬಂದರೆ ನನ್ನ ಆಳುಗಳು ಬಿಟ್ಟುಹೋಗುತ್ತಾರೆ ಎಂದನು. ಕ್ರೈಸ್ತ ಗೆಳೆಯ, ಹೆಂಡತಿಯನ್ನು ಕೇಳಬೇಕು ಎಂದನು. ಕಾಮಾಟಿ ಬಾಗ್ ಉದ್ಯಾನದಲ್ಲಿ ಕಾಲ ಕಳೆದು, ರಾತ್ರಿಯ ರೈಲಿನಲ್ಲಿ ಅವರು ಮುಂಬಯಿಗೆ ಮರಳಿದರು.

ಇದನ್ನು ಓದಿದ ಮೇಲೆ ಕೋಡಿಯ ಮಠದ ಶಾಸನವನ್ನು ಮತ್ತೆ ತೆಗೆದು ನೋಡಬೇಕು. ಅಂಧ, ಬಧಿರ, ಪಂಗುಗಳು ಅಲ್ಲಿದ್ದಾರೆ. ನಾನಾ ಮತದ ಸನ್ಯಾಸಿಗಳಿದ್ದಾರೆ. ಊರ ಹೊರಗಿನ ಕೇರಿಯವನಿಗೆ ಪಂಕ್ತಿಯಲ್ಲಿ ಎಲೆ ಹಾಕಿದ್ದರೇ? ‘ಸರ್ವ’ ಎಂಬ ಮಾತಿನ ಅರ್ಥ ಆ ಒಂದು ಎಲೆಯ ಮೇಲೆ ನಿಂತಿದೆ.

ಇಷ್ಟಾದ ಮೇಲೆ ನಮ್ಮದೇ ಕಥೆಯತ್ತ ತಿರುಗಬೇಕು. ಬತೂತನೂ ದೆಲ್ಲಾ ವಾಲ್ಲೆಯೂ ಬಾಳೆಲೆಯ ಊಟ ಕಂಡ ಅದೇ ಕರಾವಳಿಯಿಂದ, ಇಪ್ಪತ್ತನೆಯ ಶತಮಾನದಲ್ಲಿ ಸಾವಿರಾರು ಹುಡುಗರು ಈ ನಗರಕ್ಕೆ ಬಂದರು. ಕುಂದಾಪುರ, ಉಡುಪಿ, ಕಾರ್ಕಳಗಳ ಹುಡುಗರು. ಹಲವರಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಆರಂಭಿಸಿ ಟೇಬಲ್ ಒರೆಸುವ ಮಾಣಿಯಾಗಿ, ಆಮೇಲೆ ಸಪ್ಲೈಯರ್ ಆಗಿ, ಭಾಗ್ಯವಿದ್ದವನು ಗಲ್ಲಾದ ಮೇಲೆ ಕುಳಿತನು. ಹಗಲು ಗಿರಾಕಿಗಳು ಉಂಡ ಮೇಜನ್ನು ರಾತ್ರಿ ಒರೆಸಿ ಅದರ ಮೇಲೆಯೇ ಮಲಗುತ್ತಿದ್ದನು. ಕೆಲಸ ಮುಗಿಸಿ ಕನ್ನಡ ರಾತ್ರಿಶಾಲೆಗೆ ಓಡಿ ಮೆಟ್ರಿಕ್ ಪಾಸಾದವರೂ ಅನೇಕರು. ನಗರಕ್ಕೆಲ್ಲ ಅನ್ನವಿಕ್ಕಿದ ಆ ಆತಿಥೇಯನಿಗೆ ಈ ನಗರದಲ್ಲಿ ತನ್ನದೆಂಬ ಮನೆಯಿರಲಿಲ್ಲ. ಲೋಕದ ಆತಿಥ್ಯಚರಿತ್ರೆಯಲ್ಲಿ ಇಂಥ ಆತಿಥೇಯ ಅಪರೂಪವೆಂದೇ ನನ್ನ ಭಾವನೆ.

1942ರಲ್ಲಿ ಮಾಟುಂಗಾದಲ್ಲಿ ಎ. ರಾಮ ನಾಯಕರು ಆರಂಭಿಸಿದ ಬೋರ್ಡಿಂಗ್‌ನಲ್ಲಿ ಇಂದಿಗೂ ಬಾಳೆಲೆಯ ಮೇಲೆ ಊಟ ಬಡಿಸುತ್ತಾರೆ. ಅಂಥ ಬೋರ್ಡಿಂಗ್‌ಗಳಲ್ಲಿ, ಖಾನಾವಳಿಗಳಲ್ಲಿ, ಮೂಲೆಮೂಲೆಯ ಉಡುಪಿ ಹೋಟೆಲುಗಳಲ್ಲಿ ಸದ್ದಿಲ್ಲದೆ ಒಂದು ಬದಲಾವಣೆ ನಡೆಯಿತು. ದಕ್ಷಿಣದ ಪಟ್ಟಣಗಳ ಹಳೆಯ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆಂದು ಬೇರೆ ಕೋಣೆಗಳಿದ್ದವು. ಮುಂಬಯಿಯ ಜನಸಂದಣಿಯಲ್ಲಿ, ಗಿರಣಿಯ ಪಾಳಿ ಮುಗಿಸಿ ಧಾವಿಸಿ ಬರುವವರ ನಡುವೆ ಆ ವ್ಯವಸ್ಥೆ ನಿಲ್ಲಲಿಲ್ಲ. ಖಾಲಿಯಿದ್ದ ಕುರ್ಚಿಯಲ್ಲಿ ಬಂದವನು ಕುಳಿತನು. ಎದುರು ಕುಳಿತವನ ಕುಲ ಕೇಳುವಷ್ಟು ಹೊತ್ತು ಯಾರಿಗೂ ಇರಲಿಲ್ಲ. ಅದೇ ಲೋಟವನ್ನು ತೊಳೆದು ಮುಂದಿನವನಿಗೆ ಕೊಟ್ಟರು. ಇದನ್ನು ಧರ್ಮವೆಂದು ಯಾರೂ ಮಾಡಲಿಲ್ಲ, ವ್ಯಾಪಾರವೆಂದು ಮಾಡಿದರು. ಶತಮಾನಗಳ ಧರ್ಮ ಮುಚ್ಚಲಾಗದ ಆ ಒಂದು ಗೇಣು ಅಂತರವನ್ನು ಎರಡಾಣೆಯ ಚಹಾ ಮುಚ್ಚತೊಡಗಿತು ಎಂಬುದು ನಾವು ಹೆಮ್ಮೆಯಿಂದಲೂ ಸ್ವಲ್ಪ ನಾಚಿಕೆಯಿಂದಲೂ ನೆನೆಯಬೇಕಾದ ಸಂಗತಿ. ಅಡುಗೆಯ ಒಲೆಯ ಬಳಿ ಯಾರು ನಿಲ್ಲಬೇಕು ಎಂಬಲ್ಲಿ ಹಳೆಯ ವಿಚಾರ ಇನ್ನೂ ಬಹಳ ಕಾಲ ಉಳಿದಿತ್ತು ಎಂಬುದನ್ನೂ ಮರೆಯಬಾರದು.

ನಮ್ಮ ದಕ್ಷಿಣ ಕನ್ನಡದ ಮನೆಗಳಲ್ಲಿ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವ ಪದ್ಧತಿಯಿದೆ. ‘ಆಸರಿಗೆ ಏನು ಬೇಕು?’ ಎಂದು ಕೇಳುತ್ತಾರೆ. ಆಸರು ಎಂದರೆ ಬಾಯಾರಿಕೆ. ಊರು, ಹೆಸರು, ಬಂದ ಕಾರಣ ಎಲ್ಲವೂ ಆ ನೀರು ಗಂಟಲಿಗಿಳಿದ ಮೇಲೆ. ಈ ಕ್ರಮದಲ್ಲಿ ಒಂದು ವಿವೇಕವಿದೆ. ಕುಲ ಕೇಳಿ ನೀರು ಕೊಟ್ಟರೆ ಅದು ನಮ್ಮವರಿಗೆ ಮಾಡಿದ ಉಪಚಾರವಾಗುತ್ತದೆ. ಕೇಳುವ ಮೊದಲೇ ಕೊಟ್ಟರೆ ಮಾತ್ರ ಅದು ಆತಿಥ್ಯ.

ಆ ಹುಡುಗಿಯ ಪ್ರಶ್ನೆಗೆ ಈಗ ಉತ್ತರ ಹೇಳಬಲ್ಲೆ. ಇಲ್ಲ, ಛತ್ರದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಕೆಲವರಿಗೆ ಒಳಗಿನ ಪಂಕ್ತಿ, ಕೆಲವರಿಗೆ ಜಗಲಿ, ಕೆಲವರಿಗೆ ಬೊಗಸೆಗೆ ಬಿದ್ದ ನೀರು, ಕೆಲವರಿಗೆ ಅದೂ ಇಲ್ಲ. ಗೋರೆಗಾಂವಿನ ಗಗನಚುಂಬಿ ಕಟ್ಟಡಗಳ ಕಾವಲುಗಾರನ ಪುಸ್ತಕದಲ್ಲಿ ಇಂದಿಗೂ ಬಂದವನ ಹೆಸರು ಬರೆಸಿಕೊಳ್ಳುತ್ತಾರೆ. ಬಾಡಿಗೆಗೆ ಬಂದವನ ಅಡುಗೆಯನ್ನು ವಿಚಾರಿಸುತ್ತಾರೆ. ವಿಚಾರಿಸುವವರಲ್ಲಿ ಒಂದು ಕಾಲಕ್ಕೆ ಮೇಜಿನ ಮೇಲೆ ಮಲಗಿದವರ ಮಕ್ಕಳು ಮೊಮ್ಮಕ್ಕಳಾದ ನಾವೂ ಇದ್ದೇವೆ. ಕಳೆದ ವಾರ ನಮ್ಮ ಕಟ್ಟಡದ ಸಭೆಯಲ್ಲಿ ಹೊಸ ಬಾಡಿಗೆದಾರರ ಅರ್ಜಿಯೊಂದು ಬಂತು. ಹೆಸರು ಓದಿದ ಮೇಲೆ ಒಂದು ಕ್ಷಣ ಎಲ್ಲರೂ ಮೌನವಾದರು. ಆ ಮೌನದಲ್ಲಿ ನನಗೆ ಬೊಗಸೆಯೂ ತಂಬಿಗೆಯೂ ನೆನಪಾದವು. ಒಪ್ಪಿಗೆಯೆಂದು ಮೊದಲು ಕೈಯೆತ್ತಿದವನು ನಾನಲ್ಲ, ನನ್ನ ಪಕ್ಕದಲ್ಲಿ ಕುಳಿತಿದ್ದ ವೃದ್ಧರೊಬ್ಬರು. ಹದಿನಾಲ್ಕನೆಯ ವಯಸ್ಸಿನಲ್ಲಿ ಊರು ಬಿಟ್ಟು ಬಂದು ಹೋಟೆಲಿನಲ್ಲಿ ಲೋಟ ತೊಳೆದವರು. ನಾನು ಎರಡನೆಯವನಾಗಿ ಕೈಯೆತ್ತಿದೆ.